ಹಳೆಯ ಅಡುಗೆಮನೆ ಕ್ಯಾಬಿನೆಟ್ ನೀವೇ ಹೊಸದು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಬಿನೆಟ್ ಹಳೆಯದಾಯಿತು ಅಂದ ಕೂಡಲೇ ಎಲ್ಲರ ಕಣ್ಣು ಬಾಗಿಲ ಮೇಲೆ ಬೀಳುತ್ತದೆ. ಬಣ್ಣ ಮಾಸಿದೆ, ಅಂಚು ಎದ್ದಿದೆ, ಹಿಡಿ ಅಲ್ಲಾಡುತ್ತಿದೆ. ಸರಿ, ಒಂದು ಡಬ್ಬ ಬಣ್ಣ ತಂದು ಬಳಿದರಾಯಿತು ಅನ್ನುತ್ತೇವೆ. ‘ಮೇಲೆ ಥಳುಕು, ಒಳಗೆ ಹುಳುಕು’ ಅನ್ನುವ ಗಾದೆ ಈ ಕೆಲಸಕ್ಕೇ ಹುಟ್ಟಿದಂತಿದೆ. ಮೊದಲು ಒಳಗಿನ ಬಾಕ್ಸ್ ನೋಡಿ, ಆಮೇಲೆ ಬಾಗಿಲು, ಬಣ್ಣದ ಮಾತು ಕೊನೆಗೆ. ಕೆಳಗಿನ ಉತ್ತರಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿವೆ.

ನಮ್ಮ ಕ್ಯಾಬಿನೆಟ್ ರಿಪೇರಿಗೆ ಯೋಗ್ಯವೋ, ಎಸೆಯುವುದೇ ವಾಸಿಯೋ?

ಒಳಗಿರುವುದನ್ನೆಲ್ಲ ಖಾಲಿ ಮಾಡಿ. ಟಾರ್ಚ್ ಹಿಡಿದು ನೆಲದ ಮೇಲೆ ಕೂತುಕೊಳ್ಳಿ. ನೋಡಬೇಕಾದ ಜಾಗಗಳು ಮೂರೇ: ಸಿಂಕ್ ಕೆಳಗಿನ ತಳ, ನೆಲಕ್ಕೆ ತಾಗುವ ಅಂಚು, ಗೋಡೆಗೆ ಒರಗಿದ ಹಿಂದಿನ ಹಲಗೆ. ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ. ಗಟ್ಟಿಯಾಗಿ ನಿಂತರೆ ಬಾಕ್ಸ್ ಚೆನ್ನಾಗಿದೆ. ಹಳೇ ಬಿಸ್ಕತ್ತಿನಂತೆ ಪುಡಿಪುಡಿಯಾದರೆ ಆ ಭಾಗ ಹೋಯಿತು.

ಆಮೇಲೆ ಬಾಕ್ಸ್‌ನ ಮುಂದಿನ ಎರಡು ಮೂಲೆ ಹಿಡಿದು ಮೆಲ್ಲಗೆ ಅಲುಗಾಡಿಸಿ. ಚೌಕ ಓರೆಯಾಗಿ ಅಲ್ಲಾಡಿದರೆ ಜೋಡಣೆ ಬಿಟ್ಟಿದೆ ಎಂದರ್ಥ. ಇದು ಅಂಟು, ಸ್ಕ್ರೂಗೆ ಬಗ್ಗುವ ಕಾಯಿಲೆ. ಒಂದು ಹಲಗೆ ಮಾತ್ರ ಹೋಗಿದ್ದರೆ ಅದೊಂದನ್ನೇ ಬದಲಿಸಬಹುದು. ಪಾರ್ಟಿಕಲ್ ಬೋರ್ಡ್ ಬಾಕ್ಸ್ ಸುತ್ತಲೂ ನೀರು ಕುಡಿದು ಊದಿಕೊಂಡಿದ್ದರೆ ಮಾತ್ರ ಅದರ ಮೇಲೆ ಬಣ್ಣ, ಬೆವರು ಎರಡನ್ನೂ ದಂಡ ಮಾಡಬೇಡಿ. ಊದಿದ ಬೋರ್ಡ್ ಒಣಗಿದರೂ ಮೊದಲಿನಂತೆ ಆಗುವುದಿಲ್ಲ.

ಅದು ಪ್ಲೈವುಡ್ಡೋ, ಪಾರ್ಟಿಕಲ್ ಬೋರ್ಡೋ, ಎಂಡಿಎಫ್ಫೋ ಎಂದು ಹೇಗೆ ಗೊತ್ತಾಗುತ್ತದೆ?

ಮೇಲ್ಮೈ ಸುಳ್ಳು ಹೇಳುತ್ತದೆ, ಅಂಚು ಹೇಳುವುದಿಲ್ಲ. ಹಿಂಜ್ ಬಿಚ್ಚಿ ಅದರ ಗುಂಡಿಯೊಳಗೆ ನೋಡಿ. ಪದರ ಪದರವಾಗಿ ಕಂಡರೆ ಪ್ಲೈವುಡ್. ಮರದ ಚೂರುಗಳನ್ನು ಒತ್ತಿದಂತೆ ಕಂಡರೆ ಪಾರ್ಟಿಕಲ್ ಬೋರ್ಡ್. ದಪ್ಪ ರಟ್ಟಿನ ಹಾಗೆ ಒಂದೇ ಸಮ ನುಣ್ಣಗಿದ್ದರೆ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮುಖದ ಮೇಲಿನ ಮರದ ಗೆರೆ ಅಂಚಿನಲ್ಲೂ ಮುಂದುವರಿದರೆ ಗಟ್ಟಿ ಮರ.

ವೆನೀರ್, ಅಂದರೆ ಹಲಗೆಯ ಮೇಲೆ ಅಂಟಿಸಿದ ತೆಳು ಮರದ ಪದರ, ಅದರ ಬಗ್ಗೆ ಹುಷಾರು. ನೋಡಲು ಪೂರ್ತಿ ಮರದಂತೆಯೇ ಇರುತ್ತದೆ, ಆದರೆ ಮೇಲಿನ ಪದರ ಹಲವು ಸಲ ಅರ್ಧ ಮಿಲಿಮೀಟರ್ ಸುತ್ತಮುತ್ತ ಅಷ್ಟೇ. ಮೆಷಿನ್ ಹಿಡಿದು ಉಜ್ಜಿದರೆ ಒಂದು ನಿಮಿಷದಲ್ಲಿ ಅದನ್ನು ದಾಟಿ ಕೆಳಗಿನ ಹಲಗೆ ಹಲ್ಲು ಕಿರಿಯುತ್ತದೆ.

ಎಷ್ಟು ದಿನ ಹಿಡಿಯುತ್ತದೆ?

ವಾರಾಂತ್ಯದಲ್ಲಿ ಮುಗಿಯುತ್ತದೆ ಅನ್ನುವವರ ಮಾತು ನಂಬಬೇಡಿ. ಹತ್ತು ಹನ್ನೆರಡು ಬಾಗಿಲುಗಳಿದ್ದರೆ, ಬಿಡುವಿನ ವೇಳೆಯಲ್ಲಿ ಮಾಡಿದರೆ, ಎರಡರಿಂದ ಮೂರು ವಾರ ಇಟ್ಟುಕೊಳ್ಳಿ. ಬಣ್ಣ ಬಳಿಯುವುದಕ್ಕಿಂತ ತೊಳೆಯುವುದು, ಉಜ್ಜುವುದು, ಒಣಗಲು ಕಾಯುವುದು ಇವಕ್ಕೇ ಜಾಸ್ತಿ ಹೊತ್ತು. ಅಡುಗೆಮನೆ ಬಳಕೆಯಲ್ಲಿ ಇರಲೇಬೇಕು, ಅಲ್ವಾ? ಹಾಗಾಗಿ ಮೇಲಿನ ಸಾಲು ಒಂದು ಸಲ, ಕೆಳಗಿನ ಸಾಲು ಇನ್ನೊಂದು ಸಲ ಎಂದು ಎರಡು ಕಂತಿನಲ್ಲಿ ಮಾಡಿ.

ಬಾಗಿಲು ಬಿಚ್ಚದೆ ಹಾಗೇ ಬಣ್ಣ ಹಚ್ಚಬಹುದಾ?

ಹಚ್ಚಬಹುದು, ಆದರೆ ಚೆನ್ನಾಗಿರುವುದಿಲ್ಲ. ನಿಂತ ಬಾಗಿಲ ಮೇಲೆ ಬಣ್ಣ ಇಳಿಯುತ್ತದೆ, ಹಿಂಜ್‌ಗಳಿಗೆ ಮೆತ್ತಿಕೊಳ್ಳುತ್ತದೆ, ಅಂಚುಗಳು ಬಾಕಿ ಉಳಿಯುತ್ತವೆ. ಬಿಚ್ಚಿ, ಮಲಗಿಸಿ ಮಾಡಿ.

ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಪ್ರತಿ ಬಾಗಿಲಿಗೂ ನಂಬರ್ ಕೊಡಿ, ಅದೇ ನಂಬರ್ ಬಾಕ್ಸ್ ಒಳಗೂ ಬರೆಯಿರಿ. ಬಾಗಿಲಲ್ಲಿ ನಂಬರ್ ಬರೆಯಲು ಸರಿಯಾದ ಜಾಗ ಹಿಂಜ್ ಕೂರುವ ಗುಂಡಿ. ಬರೆದ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಟ್ಟರೆ ಬಣ್ಣ ತಾಗುವುದಿಲ್ಲ. ನಾನು ಮೊದಲ ಸಲ ಚೀಟಿ ಅಂಟಿಸಿ, ಉಜ್ಜುವಾಗ ಎಲ್ಲ ಕಿತ್ತುಕೊಂಡು, ಒಂದೇ ಅಳತೆಯಂತೆ ಕಾಣುವ ಎಂಟು ಬಾಗಿಲುಗಳ ನಡುವೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. ಒಂದಕ್ಕೊಂದು ಎರಡು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಸ್ಕ್ರೂಗಳನ್ನೂ ಬಾಗಿಲ ನಂಬರ್ ಬರೆದ ಸಣ್ಣ ಕವರ್‌ಗಳಲ್ಲಿ ಬೇರೆ ಬೇರೆ ಇಡಿ.

ಒಲೆ ಹತ್ತಿರದ ಜಿಡ್ಡು ಏನು ಮಾಡಿದರೂ ಹೋಗುತ್ತಿಲ್ಲ. ಅದರ ಮೇಲೇ ಉಜ್ಜಿಬಿಡಲಾ?

ಬೇಡವೇ ಬೇಡ. ಜಿಡ್ಡಿನ ಮೇಲೆ ಸ್ಯಾಂಡ್‌ಪೇಪರ್ ಆಡಿಸಿದರೆ ಎಣ್ಣೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿದಂತೆ. ಪೇಪರ್ ಕೂಡ ಎರಡೇ ನಿಮಿಷಕ್ಕೆ ಮೇಣ ಮೆತ್ತಿದಂತಾಗುತ್ತದೆ. ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು. ಈ ಕ್ರಮ ಬದಲಾಗಬಾರದು.

ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಸ್ಪಂಜಿನಿಂದ ಒರೆಸಿ. ಅಷ್ಟಕ್ಕೆ ಬಗ್ಗದಿದ್ದರೆ ವಾಷಿಂಗ್ ಸೋಡಾ ಕರಗಿಸಿದ ನೀರು, ಕೈಗೆ ಗ್ಲೌಸ್ ಹಾಕಿಕೊಂಡು. ಒಲೆಯ ಮೇಲಿನ ಬಾಗಿಲು, ಹಿಡಿಯ ಸುತ್ತ ಕೈ ತಾಗುವ ಜಾಗ, ಇವೆರಡಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ಕೊನೆಗೆ ಬರೀ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸಾಬೂನಿನ ಪೊರೆ ಉಳಿದರೂ ಬಣ್ಣ ಹಿಡಿಯುವುದಿಲ್ಲ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಆದರೆ ನೀರು ಸುರಿಯಬೇಡಿ, ಹಿಂಡಿದ ಬಟ್ಟೆ ಸಾಕು. ಒಂದು ದಿನ ಪೂರ್ತಿ ಒಣಗಲು ಬಿಡಿ.

ತೊಳೆದದ್ದು ಸಾಕಾಯಿತೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಒಂದೇ ಬಾಗಿಲಲ್ಲಿ ಒಂದು ಕಡೆ ಹರಡಿ, ಇನ್ನೊಂದು ಕಡೆ ಮುತ್ತಿನಂತೆ ಗುಂಡಗೆ ನಿಂತರೆ ಗುಂಡಗಿರುವ ಕಡೆ ಇನ್ನೂ ಜಿಡ್ಡಿದೆ ಎಂದು ಅನುಮಾನಿಸಿ. ಕ್ಲೀನ್ ಮಾಡಲು ಬ್ಲೀಚ್ ಬಳಸುವವರು ಅದರ ಜೊತೆ ವಿನೆಗರ್ ಆಗಲಿ ಅಮೋನಿಯ ಇರುವ ಕ್ಲೀನರ್ ಆಗಲಿ ಬೆರೆಸಲೇಬಾರದು. ವಿಷಗಾಳಿ ಏಳುತ್ತದೆ.

ತುಂಬ ಹಳೇ ಬಣ್ಣ ಇದೆ. ಉಜ್ಜಿದರೆ ಅಪಾಯವಾ?

ಆಗಿರಬಹುದು. ಹಲವು ದಶಕಗಳ ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಅದರ ಧೂಳು ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಬಲು ಕೆಟ್ಟದ್ದು. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಸೀಸ ಇರುವುದು ಖಾತ್ರಿಯಾದರೆ ಒಣಗಿದ್ದಾಗ ಉಜ್ಜಬೇಡಿ, ಹೀಟ್ ಗನ್ನಿಂದ ಸುಡಲೂ ಬೇಡಿ. ಅಂಥ ಬಾಗಿಲನ್ನು ಬದಲಿಸುವುದೇ ಎಷ್ಟೋ ಸಲ ಸುಲಭದ ದಾರಿ. ಸೀಸ ಇಲ್ಲದಿದ್ದರೂ ಧೂಳಿಗೆ ಮಾಸ್ಕ್ ಬೇಕು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ಹಳೇ ಬಣ್ಣ ಪೂರ್ತಿ ತೆಗೆಯಬೇಕಾ?

ಗಟ್ಟಿಯಾಗಿ ಕೂತಿದ್ದರೆ ಬೇಡ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಹೊಸ ಬಣ್ಣಕ್ಕೆ ಹಿಡಿದುಕೊಳ್ಳಲು ಸಣ್ಣ ಸಣ್ಣ ಗೀರು ಬೇಕು, ಅಷ್ಟೇ. ಎದ್ದ ಜಾಗ, ಸುರುಳಿಯಾದ ಜಾಗಗಳಿಗೆ 120 ನಂಬರ್ ಪೇಪರ್. ಉಳಿದ ಕಡೆ 180 ಅಥವಾ 220. ಬಣ್ಣದ ಎರಡು ಕೋಟ್ ನಡುವೆ 320, ಅದೂ ಮೆಲ್ಲಗೆ. ಮರ ಆದರೆ ಗೆರೆ ಹೋದ ದಿಕ್ಕಿಗೇ ಉಜ್ಜಿ. ಮೂಲೆ, ಅಂಚುಗಳಲ್ಲಿ ಕೈ ಹಗುರ ಇರಲಿ. ಅಲ್ಲಿ ಪದರ ಬೇಗ ಸವೆಯುತ್ತದೆ.

ಗುಳಿಗಳಿಗೆ ಮರದ ಪುಟ್ಟಿ. ಹಳೇ ಹಿಡಿಯ ತೂತು, ಮುರಿದ ಮೂಲೆ ಇಂಥ ದೊಡ್ಡ ಗಾಯಕ್ಕೆ ಗಟ್ಟಿಕಾರಕ ಬೆರೆಸುವ ಎರಡು ಭಾಗದ ಪುಟ್ಟಿ ವಾಸಿ. ಬೇಗ ಗಟ್ಟಿಯಾಗುತ್ತದೆ, ಕುಗ್ಗುವುದು ಕಮ್ಮಿ. ಉಜ್ಜಿದ ಮೇಲೆ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ.

ಮೈಕಾ, ಅಂದರೆ ಲ್ಯಾಮಿನೇಟ್ ಮೇಲೆ ಬಣ್ಣ ನಿಲ್ಲುತ್ತಾ?

ನಿಲ್ಲುತ್ತದೆ, ಆದರೆ ಅದಕ್ಕೆಂದೇ ಇರುವ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ಬೇಕು. ಡಬ್ಬದ ಮೇಲೆ ಲ್ಯಾಮಿನೇಟ್, ಟೈಲ್, ಗಾಜು ಇಂಥ ನುಣುಪು ಮೇಲ್ಮೈಗಳ ಹೆಸರಿದೆಯೇ ನೋಡಿ. ಮಾಮೂಲಿ ಮರದ ಪ್ರೈಮರ್ ಉಗುರಿಗೇ ಎದ್ದು ಬರುತ್ತದೆ. 220 ನಂಬರ್ ಪೇಪರ್‌ನಿಂದ ಹಗುರವಾಗಿ ಗೀರಿ. ಮೈಕಾದ ಒಟ್ಟು ದಪ್ಪವೇ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಕಮ್ಮಿ, ಜಾಸ್ತಿ ಉಜ್ಜಿದರೆ ಚಿತ್ತಾರದ ಪದರವೇ ಹರಿಯುತ್ತದೆ. ಪ್ರೈಮರ್ ಹಚ್ಚಿ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಒಂದು ಬಾಗಿಲ ಹಿಂಭಾಗದಲ್ಲಿ ಮೊದಲು ಪ್ರಯೋಗ ಮಾಡಿ. ಒಣಗಿದ ಮೇಲೆ ಅಂಟು ಟೇಪ್ ಒತ್ತಿ ಕೀಳಿ. ಟೇಪ್ ಜೊತೆ ಬಣ್ಣ ಬಂದರೆ ಎಲ್ಲಾ ಬಾಗಿಲಿಗೂ ಅದೇ ಗತಿ.

ಮೈಕಾ ಅಂಚಿನಲ್ಲಿ ಬಾಯಿ ಬಿಟ್ಟಿದ್ದರೆ ಮೊದಲು ಅದನ್ನು ಅಂಟಿಸಿ. ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಆರುವ ತನಕ ಬಿಟ್ಟು, ಆಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಮತ್ತೆ ಎದ್ದೇಳುತ್ತದೆ. ಈ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ, ಒಲೆ ಆರಿಸಿ, ಕಿಟಕಿ ತೆರೆದಿಡಿ.

ಯಾವ ಬಣ್ಣ ಒಳ್ಳೆಯದು?

ಗೋಡೆಗೆ ಹಚ್ಚಿ ಉಳಿದ ಬಣ್ಣ ಮಾತ್ರ ಬೇಡ. ಅದು ಕೈ ಉಜ್ಜುವಿಕೆಗೆ, ಹಬೆಗೆ ತಾಳುವುದಿಲ್ಲ. ಎಣ್ಣೆ ಎನಾಮಲ್ ಗಟ್ಟಿ, ನುಣ್ಣಗೆ ಕೂರುತ್ತದೆ. ಆದರೆ ವಾಸನೆ ಜಾಸ್ತಿ, ನಿಧಾನ ಒಣಗುತ್ತದೆ, ಬಿಳಿ ಬಣ್ಣ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಬೆಳಕು ಬೀಳದ ಜಾಗದಲ್ಲಂತೂ ಬೇಗ. ನೀರು ಬೆರೆಸಿ ತೆಳು ಮಾಡುವ ಎನಾಮಲ್ ಹಾಗೂ ಪಾಲಿಯುರೇಥೇನ್ ಬಣ್ಣಗಳಲ್ಲಿ ಈ ತಾಪತ್ರಯ ಕಮ್ಮಿ. ಮನೆಯಲ್ಲೇ ಮಾಡುವವರಿಗೆ ನನ್ನ ಮತ ಇವುಗಳಿಗೇ.

ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಎರಡು ಭಾಗದ ಪಿಯು (ಪಾಲಿಯುರೇಥೇನ್) ಬಣ್ಣವನ್ನು ಮನೆಯೊಳಗೆ ಮುಟ್ಟಬೇಡಿ. ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಉಸಿರಾಟಕ್ಕೆ ಕೆಡುಕು. ಅದಕ್ಕೆ ಬೇಕಾದ ವ್ಯವಸ್ಥೆ ವರ್ಕ್‌ಶಾಪ್‌ನಲ್ಲಿರುತ್ತದೆ, ಅಡುಗೆಮನೆಯಲ್ಲಿ ಇರುವುದಿಲ್ಲ. ಹೊಳಪಿನ ವಿಷಯಕ್ಕೆ ಬಂದರೆ ಪೂರ್ತಿ ಗ್ಲಾಸಿ ಪ್ರತಿ ಗುಳಿಯನ್ನೂ ತೋರಿಸುತ್ತದೆ, ಪೂರ್ತಿ ಮ್ಯಾಟ್ ಪ್ರತಿ ಬೆರಳ ಗುರುತನ್ನೂ ಉಳಿಸಿಕೊಳ್ಳುತ್ತದೆ. ನಡುವಿನ ಸ್ಯಾಟಿನ್ ಹಳೇ ಬಾಗಿಲಿಗೆ ಹೇಳಿ ಮಾಡಿಸಿದ್ದು.

ಬ್ರಷ್ ಗೆರೆ ಬರದಂತೆ ಹೇಗೆ ಹಚ್ಚುವುದು?

ಚಪ್ಪಟೆ ಭಾಗಕ್ಕೆ ಸಣ್ಣ ಸ್ಪಂಜ್ ರೋಲರ್, ಕೆತ್ತನೆ ಇರುವ ಕಡೆ ಬ್ರಷ್. ದಪ್ಪಗೆ ಒಂದು ಕೋಟ್ ಬದಲು ತೆಳುವಾಗಿ ಎರಡು ಮೂರು. ಹಚ್ಚಿದ ಮೇಲೆ ಅರೆ ಒಣಗಿದ ಜಾಗಕ್ಕೆ ಮತ್ತೆ ಕೈ ಹಾಕಬೇಡಿ. ‘ಇಲ್ಲೊಂದು ಸ್ವಲ್ಪ ಸರಿ ಮಾಡ್ತೀನಿ’ ಅಂತ ಹೋದಾಗಲೇ ಗೆರೆ ಬೀಳುವುದು. ತಪ್ಪಿದ್ದರೆ ಪೂರ್ತಿ ಒಣಗಲಿ, 320ರಲ್ಲಿ ಉಜ್ಜಿ, ಮುಂದಿನ ಕೋಟ್‌ನಲ್ಲಿ ಮುಚ್ಚಿ. ಎಂಡಿಎಫ್ ಅಂಚು ಬಣ್ಣವನ್ನು ಕುಡಿಯುತ್ತಲೇ ಇರುತ್ತದೆ. ಅದಕ್ಕೆ ಪ್ರೈಮರ್ ಒಂದು ಕೋಟ್ ಜಾಸ್ತಿ ಕೊಡಿ.

ಬಿಳಿ ಹಚ್ಚಿದೆ, ಒಳಗಿಂದ ಹಳದಿ ಕಲೆ ಎದ್ದು ಬರುತ್ತಿದೆ. ಯಾಕೆ?

ಮರದೊಳಗಿನ ಟ್ಯಾನಿನ್ ಎಂಬ ಕಲೆ ಮಾಡುವ ಅಂಶ ನೀರಿನ ಬಣ್ಣದಲ್ಲಿ ಕರಗಿ ಮೇಲೆ ಬರುತ್ತದೆ. ಗಂಟುಗಳಿರುವ ಕಡೆ ಇದು ಹೆಚ್ಚು. ಇನ್ನೆರಡು ಕೋಟ್ ಅದೇ ಬಣ್ಣ ಹಚ್ಚಿದರೆ ಮತ್ತೆರಡು ಸಲ ಕಲೆ ಬರುತ್ತದೆ, ಅಷ್ಟೇ. ನಡುವೆ ಅರಗಿನಿಂದ ಮಾಡಿದ ಶೆಲ್ಲ್ಯಾಕ್ ಪ್ರೈಮರ್ ಒಂದು ಕೋಟ್ ಬೀಳಬೇಕು.

ಮರವೇ ಚೆನ್ನಾಗಿದೆ. ಬಣ್ಣ ಬಳಿಯದೆ ಹೊಳಪು ತರಬಹುದಾ?

ಖಂಡಿತ. ಗಟ್ಟಿ ಮರಕ್ಕೆ ಬಣ್ಣ ಬಳಿಯುವುದು ನನಗಂತೂ ಹೊಟ್ಟೆ ಉರಿಸುವ ಸಂಗತಿ. ಮೊದಲು ಮೇಲಿರುವ ಪಾಲಿಶ್ ಯಾವುದು ಎಂದು ನೋಡಿ. ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಇಟ್ಟಾಗ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಇವೆರಡೂ ಇದ್ದರೆ ಸಣ್ಣ ಗೀರುಗಳ ಮೇಲೆ ಅದೇ ಜಾತಿಯ ಪಾಲಿಶ್ ಹೊಸದಾಗಿ ಕೊಡಬಹುದು, ಹಳೆಯದರೊಂದಿಗೆ ಬೆರೆತುಹೋಗುತ್ತದೆ. ಯಾವುದಕ್ಕೂ ಜಗ್ಗದಿದ್ದರೆ ಪಾಲಿಯುರೇಥೇನ್ ಇರಬೇಕು. ಅದನ್ನು ಉಜ್ಜಿ ಮತ್ತೆ ಹಚ್ಚಬೇಕು.

ಅಗಸೆ ಎಣ್ಣೆಯ ಪಾಲಿಶ್ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಬಿಡಿಸಿ ಒಣಹಾಕಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಹಿಂಜ್ ಸ್ಕ್ರೂ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ.

ತೂತು ಅಗಲವಾಗಿದೆ. ದಪ್ಪ ಸ್ಕ್ರೂ ಹಾಕುವ ಆಸೆ ಬೇಡ, ಹಿಂಜ್‌ನ ತೂತಿನಲ್ಲಿ ಅದರ ತಲೆ ಕೂರುವುದಿಲ್ಲ. ಮದ್ದಿನ ತುದಿ ಮುರಿದ ಬೆಂಕಿಕಡ್ಡಿಗಳನ್ನೋ ಹಲ್ಲುಕಡ್ಡಿಗಳನ್ನೋ ಮರದ ಅಂಟಿನಲ್ಲಿ ಅದ್ದಿ ತೂತಿನ ತುಂಬ ತುರುಕಿ. ಒಂದು ರಾತ್ರಿ ಬಿಟ್ಟು, ಹೊರಗೆ ಉಳಿದದ್ದನ್ನು ಸಮವಾಗಿ ಕತ್ತರಿಸಿ, ಹಳೇ ಸ್ಕ್ರೂ ಹಾಕಿ. ಪಾರ್ಟಿಕಲ್ ಬೋರ್ಡ್ ಒಳಗೇ ಪುಡಿಯಾಗಿದ್ದರೆ ಇದು ಸಾಲದು. 8 ಅಥವಾ 10 ಮಿಲಿಮೀಟರ್ ತೂತು ಕೊರೆದು, ಅದೇ ಅಳತೆಯ ಮರದ ಗೂಟ ಅಂಟಿಸಿ, ಗೂಟದ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಬಿಗಿಯಿರಿ. ತೂತು ಆಚೆ ಬದಿಗೆ ಬಾರದಂತೆ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಬಾಗಿಲುಗಳು ಓರೆಕೋರೆಯಾಗಿವೆ. ಹಿಂಜ್ ಬದಲಿಸಬೇಕಾ?

ಮೊದಲು ತಿರುಗಿಸಿ ನೋಡಿ. ಒಳಗೆ ಅಡಗಿ ಕೂರುವ ಬಟ್ಟಲಿನ ಹಿಂಜ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಸರಿಹೊಂದಿಸುವ ಸ್ಕ್ರೂಗಳಿವೆ. ಬಾಗಿಲ ಕಡೆಗಿನ ಸ್ಕ್ರೂ ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ. ಹಿಂದಿನದು ಒಳಕ್ಕೆ ಹೊರಕ್ಕೆ. ಬಾಕ್ಸ್‌ಗೆ ಕೂರುವ ತಟ್ಟೆಯ ಸ್ಕ್ರೂ ಸಡಿಲಿಸಿದರೆ ಮೇಲೆ ಕೆಳಗೆ. ಕಾಲು ಸುತ್ತು ತಿರುಗಿಸಿ, ಬಾಗಿಲು ಹಾಕಿ ನೋಡಿ, ಮತ್ತೆ ಕಾಲು ಸುತ್ತು. ಹೊಸ ಬಣ್ಣಕ್ಕಿಂತ ಈ ಹತ್ತು ನಿಮಿಷದ ಕೆಲಸ ಅಡುಗೆಮನೆಯ ಮುಖ ಬದಲಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಬದಲಿಸಲೇಬೇಕಾದರೆ, ಹೆಚ್ಚಿನ ಹಿಂಜ್‌ಗಳ ಬಟ್ಟಲು 35 ಮಿಲಿಮೀಟರ್ ಅಗಲ. ಹಾಗಾಗಿ ಹಳೇ ಗುಂಡಿಯಲ್ಲೇ ಹೊಸ ಸಾಫ್ಟ್ ಕ್ಲೋಸ್ (ಬಾಗಿಲನ್ನು ಮೆಲ್ಲಗೆ ಮುಚ್ಚುವ) ಹಿಂಜ್ ಕೂರುವ ಸಾಧ್ಯತೆ ಹೆಚ್ಚು. ಎಡವುವುದು ತೋಳಿನ ಬಾಗಿನಲ್ಲಿ. ಬಾಗಿಲು ಬಾಕ್ಸ್ ಅಂಚನ್ನು ಪೂರ್ತಿ ಮುಚ್ಚುತ್ತದೋ, ಅರ್ಧ ಮುಚ್ಚುತ್ತದೋ, ಬಾಕ್ಸ್ ಒಳಗೇ ಕೂರುತ್ತದೋ, ಅದರ ಮೇಲೆ ತೋಳು ಬೇರೆ ಬೇರೆ. ಅಂಗಡಿಗೆ ಹೋಗುವಾಗ ಹಳೇ ಹಿಂಜ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.

ಹಿಡಿಗಳನ್ನು ಬದಲಿಸಿದರೆ ಹಳೇ ತೂತು ಕಾಣುವುದಿಲ್ಲವೇ?

ತೂತಿನಿಂದ ತೂತಿಗೆ, ನಡುವಿನಿಂದ ನಡುವಿಗೆ ಅಳೆಯಿರಿ. 96, 128, 160 ಮಿಲಿಮೀಟರ್, ಇವು ಸಾಮಾನ್ಯ ಅಳತೆಗಳು. ಅದೇ ಅಳತೆಯ ಹೊಸ ಹಿಡಿ ಸಿಕ್ಕರೆ ಹಳೇ ತೂತಿಗೇ ಕೂರುತ್ತದೆ. ಇಲ್ಲದಿದ್ದರೆ ಬಣ್ಣಕ್ಕೆ ಮುಂಚೆಯೇ ಪುಟ್ಟಿ ತುಂಬಿ. ಹೊಸ ತೂತಿಗೆ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡರೆ ಎಲ್ಲಾ ಬಾಗಿಲಲ್ಲೂ ಒಂದೇ ಎತ್ತರಕ್ಕೆ ಬರುತ್ತದೆ.

ಡ್ರಾಯರ್ ಸಿಕ್ಕಿಹಾಕಿಕೊಳ್ಳುತ್ತಿದೆ.

ಮರದ ಮೇಲೆ ಮರ ಜಾರುವ ಹಳೇ ಡ್ರಾಯರ್ ಆದರೆ ತಳಕ್ಕೆ ಮೇಣದಬತ್ತಿ ಉಜ್ಜಿ. ತುಂಬ ಸಲ ಅಷ್ಟೇ ಸಾಕು. ಬಾಲ್ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನಲ್ (ಡ್ರಾಯರ್ ಜಾರುವ ಲೋಹದ ಪಟ್ಟಿ) ಹಾಕುವುದಾದರೆ ಎರಡೂ ಪಕ್ಕ ಸುಮಾರು 13 ಮಿಲಿಮೀಟರ್ ಜಾಗ ಬೇಕು. ಅಂದರೆ ಡ್ರಾಯರ್ ಬಾಕ್ಸ್ ತೆರವಿಗಿಂತ 26 ಮಿಲಿಮೀಟರ್ ಕಿರಿದಾಗಿರಬೇಕು. ಹಳೇ ಡ್ರಾಯರ್ ಅಗಲವಾಗಿದ್ದರೆ ಹೊಸ ಬಾಕ್ಸ್ ಮಾಡಿ, ಹಳೇ ಮುಖವನ್ನು ಅದಕ್ಕೆ ಜೋಡಿಸಿ.

ಒಳಗಿನ ಹಲಗೆ ನಡುವೆ ಬಾಗಿದೆ.

ತಿರುಗಿಸಿ ಹಾಕಿದರೆ ಕೆಲ ಕಾಲಕ್ಕೆ ಮತ್ತೆ ಬಾಗುತ್ತದೆ. ಹಲಗೆಯ ದಪ್ಪ ಇಮ್ಮಡಿ ಮಾಡಿದರೆ ಅಷ್ಟೇ ಭಾರಕ್ಕೆ ಬಾಗುವುದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಉದ್ದ ಇಮ್ಮಡಿಯಾಗಿ, ಅದಕ್ಕೆ ತಕ್ಕಂತೆ ಸಾಮಾನೂ ತುಂಬಿದರೆ 16 ಪಟ್ಟು ಏರುತ್ತದೆ. ಹಾಗಾಗಿ ನಡುವೆ ಒಂದು ಆಧಾರ ಕೊಟ್ಟರೆ ಅದ್ಭುತ ಫಲ. ಅದಕ್ಕೆ ಜಾಗ ಇಲ್ಲದಿದ್ದರೆ ಮುಂದಿನ ಅಂಚಿನ ಕೆಳಗೆ ಮರದ ಪಟ್ಟಿಯೊಂದನ್ನು ನಿಲ್ಲಿಸಿ, ಅಂಟು ಸ್ಕ್ರೂ ಎರಡೂ ಹಾಕಿ. ಪಟ್ಟಿ ಮಲಗಿಸಬೇಡಿ. ನಿಂತ ಪಟ್ಟಿಗೇ ಬಲ.

ಸಿಂಕ್ ಕೆಳಗಿನ ಭಾಗ ಕೊಳೆತಿದೆ.

ಮೊದಲು ಸೋರಿಕೆ ನಿಲ್ಲಿಸಿ. ಪೈಪ್ ಸುತ್ತ ಒಣ ಪೇಪರ್ ಸುತ್ತಿ ಒಂದು ರಾತ್ರಿ ಬಿಟ್ಟರೆ ಎಲ್ಲಿ ಒದ್ದೆಯಾಗುತ್ತದೆಂದು ತಿಳಿಯುತ್ತದೆ. ಕೊಳೆತ ತಳ ತೆಗೆದು, ಉಳಿದದ್ದು ಪೂರ್ತಿ ಒಣಗಲಿ. ಹೊಸ ತಳಕ್ಕೆ ನೀರು ತಡೆಯುವ ಪ್ಲೈವುಡ್ ಹಾಕಿ, ಕತ್ತರಿಸಿದ ಅಂಚುಗಳಿಗೆಲ್ಲ ಬಣ್ಣವನ್ನೋ ಅಂಟನ್ನೋ ಕುಡಿಸಿ. ನೀರು ನುಗ್ಗುವುದು ಅಂಚಿನಿಂದಲೇ. ಮೇಲೆ ಅಲ್ಯುಮಿನಿಯಂ ಹಾಳೆ ಹಾಸಿದರೆ ಇನ್ನೂ ಒಳ್ಳೆಯದು. ಸಂದಿಗೆ ಸಿಲಿಕೋನ್ ತುಂಬುವುದು ಬಣ್ಣ ಮುಗಿದ ಮೇಲೆ. ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ.

ಹಲಗೆ ತಟ್ಟಿದರೆ ಟೊಳ್ಳು ಸದ್ದು ಬಂದು, ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ಅದರ ಚಿಕಿತ್ಸೆ ಮನೆಯ ಗೋಡೆ, ನೆಲದಿಂದಲೇ ಆಗಬೇಕು. ಕ್ಯಾಬಿನೆಟ್ ಕೆಲಸ ಆಮೇಲೆ.

ಬಣ್ಣದ ಬದಲು ಅಂಟಿಸುವ ಸ್ಟಿಕರ್ ಹಾಳೆ?

ಚಪ್ಪಟೆ ಬಾಗಿಲಿಗೆ, ಬಾಡಿಗೆ ಮನೆಗೆ ಪರವಾಗಿಲ್ಲ. ಒಲೆಯ ಪಕ್ಕದ ಬಾಗಿಲಲ್ಲಿ ಶಾಖಕ್ಕೆ ಅಂಚು ಸುರುಳಿಯಾಗುತ್ತದೆ. ಕೆತ್ತನೆ ಇರುವ ಬಾಗಿಲಿಗೆ ಸುಮ್ನೆ ಪ್ರಯತ್ನಿಸಬೇಡಿ.

ಕ್ಯಾಬಿನೆಟ್ ಕೆಳಗೆ ಲೈಟ್ ಹಾಕುವುದು ಕಷ್ಟವಾ?

12 ಅಥವಾ 24 ವೋಲ್ಟ್‌ನ ಎಲ್‌ಇಡಿ ಪಟ್ಟಿ ಅಂಟಿಸುವುದು ಸುಲಭ. ಅದನ್ನು ಗೋಡೆಯ ಕಡೆಗಲ್ಲ, ಮೇಲಿನ ಬಾಕ್ಸ್‌ನ ಮುಂದಿನ ಅಂಚಿನ ಹಿಂದೆ ಹಾಕಿ, ಆಗ ನಿಮ್ಮ ಕೈ ಮೇಲೆ ನೆರಳು ಬೀಳದು. ಹಾಲುಬಿಳಿ ಮುಚ್ಚಳ ಇರುವ ಅಲ್ಯುಮಿನಿಯಂ ಪಟ್ಟಿಯೊಳಗೆ ಕೂರಿಸಿದರೆ ಚುಕ್ಕಿ ಚುಕ್ಕಿ ಕಾಣುವುದಿಲ್ಲ, ಬಿಸಿಯೂ ಹೊರಗೆ ಹೋಗುತ್ತದೆ. ಮನೆಯ ಕರೆಂಟ್ ಲೈನ್‌ಗೆ ಜೋಡಿಸುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಬಣ್ಣ ಒಣಗಿತು. ಯಾವಾಗಿಂದ ಬಳಸಬಹುದು?

ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿಂದ ಗಟ್ಟಿಯಾಗುವುದು ಬೇರೆ. ಮೊದಲನೆಯದಕ್ಕೆ ಕೆಲವು ಗಂಟೆ, ಎರಡನೆಯದಕ್ಕೆ ಎರಡರಿಂದ ನಾಲ್ಕು ವಾರ. ಬಾಗಿಲನ್ನು ಎರಡು ಮೂರು ದಿನ ಬಿಟ್ಟು ಜೋಡಿಸಿ. ಬಾಗಿಲು ತಾಗುವ ಜಾಗಕ್ಕೆ ಸಣ್ಣ ರಬ್ಬರ್ ಬೊಟ್ಟು ಅಂಟಿಸಿ, ಇಲ್ಲದಿದ್ದರೆ ಹೊಸ ಬಣ್ಣ ಬಾಕ್ಸ್‌ಗೆ ಅಂಟಿ ಕಿತ್ತು ಬರುತ್ತದೆ. ಮೊದಲ ತಿಂಗಳು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಉಜ್ಜುವ ಪುಡಿ, ಕಬ್ಬಿಣದ ನಾರು ಬೇಡ. ತಿಂಗಳು ಕಳೆದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಇನ್ನೊಂದು ಸುತ್ತು ಹೋಗಿ. ಬಳಸಿ ಬಳಸಿ ಸಡಿಲವಾದ ಒಂದೆರಡು ಹಿಂಜ್ ಸ್ಕ್ರೂ ಸಿಕ್ಕೇ ಸಿಗುತ್ತವೆ.